ಜರ್ಸಿ ಸಿಟಿಯ ಮೆಕ್ಸಿಕನ್ ಹೋಟೆಲೂ ಕೊಂಡ್ಲಹಳ್ಳಿಯ ಶೇಂಗಾ ಚಟ್ನಿಯೂ

ಅವ್ವ ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿ ಮೂರೇ ವಾರಕ್ಕೆ ಖಾಲಿಯಾಯಿತು. ಈ ಬರಹ ಶುರುವಾಗೋದು ಅಲ್ಲಿಂದಲೇ.

ಅಪ್ಪ ಅವ್ವ ಮೊದಲ ಸಲ ಅಮೆರಿಕಕ್ಕೆ ಬಂದಿದ್ದರು, ಮೂರು ತಿಂಗಳ ಮಟ್ಟಿಗೆ. ಫೆಬ್ರವರಿಯ ಚಳಿ. ಹಗಲೆಲ್ಲ ಕಿಟಕಿ ಪಕ್ಕ ಕೂತು ಹಿಮ ನೋಡೋದು, ಸಂಜೆ ನನ್ನ ಕೆಲಸ ಮುಗಿದ ಮೇಲೆ ಜರ್ಸಿ ಸಿಟಿಯ ನ್ಯೂವರ್ಕ್ ಅವೆನ್ಯೂದಲ್ಲಿರೋ ನಮ್ಮವರ ಅಂಗಡಿ ಸಾಲಿಗೆ ಒಂದು ಸುತ್ತು ಹಾಕಿ ಬರೋದು, ಇಷ್ಟೇ ದಿನಚರಿ. ಚಟ್ನಿಪುಡಿ ಖಾಲಿಯಾದ ಮೇಲೆ ಅಲ್ಲೇ ಶೇಂಗಾ ಬೀಜ ತಂದು ಅವ್ವ ಹುರಿದು ಮಿಕ್ಸಿಗೆ ಹಾಕಿದಳು. ಅಪ್ಪ ಒಂದು ಚಿಟಿಕೆ ಬಾಯಿಗೆ ಹಾಕ್ಕೊಂಡು, "ಇದ್ರಾಗೆ ಎಣ್ಣೆನೇ ಇಲ್ಲ ಕಣೇ, ಬರೀ ಹೊಟ್ಟು ತಿಂದಂಗೈತೆ" ಅಂದು ತಟ್ಟೆ ಸರಿಸಿದ. ನಲವತ್ತು ವರ್ಷ ಶೇಂಗಾ ಬೆಳೆದವನ ನಾಲಿಗೆ, ವಾದ ಮಾಡೋ ಹಾಗಿಲ್ಲ.

ನಮ್ಮೂರು ಗೊತ್ತಿಲ್ಲದವರಿಗೆ ಎರಡು ಮಾತು. ಕೊಂಡ್ಲಹಳ್ಳಿ ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲೂಕಿನ ಊರು. ಕೆಂಪು ಮಣ್ಣು, ಗುಂಡುಕಲ್ಲಿನ ಗುಡ್ಡ, ಬಳ್ಳಾರಿ ಜಾಲಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ಜಾಗ ಹುಡುಕಿದರೆ ಚಳ್ಳಕೆರೆ, ಮೊಳಕಾಲ್ಮೂರು ಹೆಸರು ಮೊದಲ ಸಾಲಲ್ಲೇ ಸಿಗುತ್ತೆ. ಹೊಲ ಅಂದ್ರೆ ಶೇಂಗಾ, ದುಡ್ಡು ಅಂದ್ರೆ ಶೇಂಗಾ, ಸಾಲ ಅಂದ್ರೂ ಶೇಂಗಾ. ಚಳ್ಳಕೆರೆಗೆ ಎಣ್ಣೆ ನಗರ ಅಂತಲೇ ಹೆಸರು. ಒಂದು ಕಾಲಕ್ಕೆ ಎಣ್ಣೆ ವ್ಯಾಪಾರದಲ್ಲಿ ಎರಡನೇ ಬೊಂಬಾಯಿ ಅಂತ ನಮ್ಮ ಕಡೆ ಎದೆ ಉಬ್ಬಿಸಿ ಹೇಳೋರು. ನನ್ನ ಇಂಜಿನಿಯರಿಂಗ್ ಫೀಸು ಅರ್ಧ ಶೇಂಗಾದಿಂದ ಬಂತು, ಇನ್ನರ್ಧ ಶೇಂಗಾ ತೋರಿಸಿ ತೆಗೆದ ಸಾಲದಿಂದ ಬಂತು.

ಅದೇ ಸಮಯಕ್ಕೆ ನಮ್ಮ ಬೀದಿ ಮೂಲೆಯಲ್ಲಿ ಮೊದಲು ಬಟ್ಟೆ ಒಗೆಯೋ ಅಂಗಡಿ ಇದ್ದ ಜಾಗದಲ್ಲಿ ಒಂದು ಹೊಸ ಹೋಟೆಲ್ ಶುರುವಾಗಿತ್ತು. ಆರೇ ಆರು ಟೇಬಲ್ಲು. ಗೋಡೆ ಮೇಲೆ ಚೆಂಡು ಹೂವಿನ ಕಾಗದದ ಮಾಲೆ. ಐವತ್ತರ ಆಸುಪಾಸಿನ ಯಜಮಾನ, ಅಡುಗೆ ಮನೆಯಲ್ಲಿ ಅವನ ಹೆಂಡತಿ, ಹಂಚಿನ ಮುಂದೆ ಅವನ ತಾಯಿ, ಗಲ್ಲೆಯಲ್ಲಿ ಕಾಲೇಜಿಗೆ ಹೋಗೋ ಮಗಳು. ಮೆಕ್ಸಿಕೋದ ಪ್ಯೂಬ್ಲಾ ರಾಜ್ಯದ ತೆಹುಆಕಾನ್ ಕಡೆಯವರು. ನ್ಯೂಯಾರ್ಕ್ ಸುತ್ತಮುತ್ತ ಪ್ಯೂಬ್ಲಾದವರು ಎಷ್ಟು ಜನ ಇದ್ದಾರೆ ಅಂದ್ರೆ ಈ ಊರನ್ನು ತಮಾಷೆಗೆ 'ಪ್ಯೂಬ್ಲಾ ಯಾರ್ಕ್' ಅಂತಾನೇ ಕರೀತಾರೆ. ಒಂದು ಶನಿವಾರ ಇಬ್ಬರನ್ನೂ ಹೊರಡಿಸಿದೆ. ಅವ್ವನಿಗೆ ಮನಸ್ಸಿರಲಿಲ್ಲ. "ಏನೇನು ಹಾಕಿರ್ತಾರೋ ಏನೋ" ಅಂತ ಗೊಣಗುತ್ತಲೇ ಬಂದಳು.

ಒಳಗೆ ಹೋದ ಕೂಡಲೇ ಅವ್ವ ನಿಂತದ್ದು ಹಂಚಿನ ಮುಂದೆ. ಆ ಅಜ್ಜಿ ಮೆಕ್ಕೆಜೋಳದ ಹಿಟ್ಟಿನ ಉಂಡೆಯನ್ನು ಅಂಗೈಲಿ ತಟ್ಟಿ, ಒತ್ತಿ, ಹಂಚಿಗೆ ಹಾಕಿ, ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಅವ್ವ ರೊಟ್ಟಿ ತಟ್ಟೋದೂ ಹಾಗೇ. ರೊಟ್ಟಿ ಉಬ್ಬಿದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಭಾಷೆಯ ಕಷ್ಟ ಅಲ್ಲಿಗೇ ಅರ್ಧ ಮುಗೀತು. ಉಳಿದರ್ಧಕ್ಕೆ ನಾನು ಕನ್ನಡದಿಂದ ಇಂಗ್ಲಿಷಿಗೆ, ಆ ಹುಡುಗಿ ಇಂಗ್ಲಿಷಿಂದ ಸ್ಪ್ಯಾನಿಷಿಗೆ. ಬೇಸಾಯದ ಸುದ್ದಿ ಬಂದಾಗ ನಮ್ಮಿಬ್ಬರ ಇಂಗ್ಲಿಷೂ ಕೈಕೊಡುತ್ತಿತ್ತು :)

ಟೇಬಲ್ಲಿಗೆ ಮೊದಲು ಬಂದದ್ದು ಒಂದು ಚಿಕ್ಕ ಮಣ್ಣಿನ ಬಟ್ಟಲು. ಕಪ್ಪುಗೆಂಪು ಬಣ್ಣ, ಮೇಲೆ ಎಣ್ಣೆ ತೇಲುತ್ತಿತ್ತು. ಸಾಲ್ಸಾ ಮಾಚಾ ಅಂತ ಹೆಸರು. ಅಪ್ಪ ರೊಟ್ಟಿ ಚೂರಿಗೆ ಹಚ್ಚಿ ಬಾಯಿಗಿಟ್ಟು ಸುಮ್ಮನಾದ. ಮತ್ತೊಂದು ಚೂರು. ಆಮೇಲೆ ಕೇಳಿದ, "ಲೇ, ಇವ್ರಿಗೆ ನಮ್ಮ ಶೇಂಗಾ ಚಟ್ನಿ ಯಾರು ಹೇಳ್ಕೊಟ್ರೋ?"

ಕೇಳಿ ತಿಳಿದುಕೊಂಡೆ. ಒಣ ಮೆಣಸಿನಕಾಯಿ, ಶೇಂಗಾ, ಬೆಳ್ಳುಳ್ಳಿ. ಎಣ್ಣೆಯಲ್ಲಿ ಹುರಿದು, ಉಪ್ಪು ಹಾಕಿ ಕುಟ್ಟೋದು. ಅಷ್ಟೇ. ನಮ್ಮವ್ವ ಮಾಡೋದಕ್ಕೂ ಇದಕ್ಕೂ ಎಣ್ಣೆ ಒಂದೇ ವ್ಯತ್ಯಾಸ.

ಆಮೇಲೆ ಬಂದದ್ದು ಹಸಿರು ಪಲ್ಯದಂಥದ್ದು, ಸ್ವಲ್ಪ ಲೋಳೆ, ಸ್ವಲ್ಪ ಹುಳಿ. ಬೆಂಡೆಕಾಯಿ ಅಂದುಕೊಂಡು ಇಬ್ಬರೂ ತಿಂದರು. ಏನು ಅಂತ ಕೇಳಿದ್ದಕ್ಕೆ ಹುಡುಗಿ ಮೊಬೈಲಲ್ಲಿ ಚಿತ್ರ ತೋರಿಸಿದಳು. ಅಪ್ಪ ಕನ್ನಡಕ ಹಾಕ್ಕೊಂಡು ನೋಡಿದ. "ಅಯ್ಯೋ ಇವರ! ಪಾಪಸ್ಕಳ್ಳಿ!"

ನಮ್ಮೂರಲ್ಲಿ ಬೇಲಿಗೆ ಬೆಳೆಯೋ ಅದೇ ಪಾಪಸ್ಕಳ್ಳಿಯ ಬಳಗ. ಚಿಕ್ಕವರಿದ್ದಾಗ ಅದರ ಕೆಂಪು ಹಣ್ಣನ್ನು ಕಲ್ಲಿಗೆ ಉಜ್ಜಿ ಮುಳ್ಳು ತೆಗೆದು ತಿಂದು, ನಾಲಿಗೆ ಕೆಂಪಗೆ ಮಾಡಿಕೊಂಡು ಮನೆಗೆ ಬಂದು ಬೈಸಿಕೊಂಡಿದ್ದೇವೆ. ಎಲೆ ತಿನ್ನಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಅವರಿಗೋ ಅದು ದೇಶದ ಬಾವುಟದ ಮೇಲಿರೋ ಗಿಡ. ಹದ್ದು ಕೂತಿರೋದು ಪಾಪಸ್ಕಳ್ಳಿ ಮೇಲೆ.

ಮನೆಗೆ ಬಂದ ಮೇಲೂ ನನಗೆ ಅದೇ ಗುಂಗು. ನಮ್ಮೂರ ಬೇಲಿಗೆ ಮೆಕ್ಸಿಕೋ ಗಿಡ ಹೇಗೆ ಬಂತು? ಅವರ ಬಟ್ಟಲಿಗೆ ನಮ್ಮ ಚಟ್ನಿ ಹೇಗೆ ಹೋಯ್ತು? ವಾರವಿಡೀ ರಾತ್ರಿ ಕೂತು ಓದಿದೆ. ಓದಿದಷ್ಟೂ ನನ್ನ ಪ್ರಶ್ನೆಯೇ ತಲೆಕೆಳಗಾಯಿತು. ನಮ್ಮ ಚಟ್ನಿ ಅವರ ಬಟ್ಟಲಿಗೆ ಹೋಗಿರಲಿಲ್ಲ. ಬಂದದ್ದೆಲ್ಲ ಆ ಕಡೆಯಿಂದ ಈ ಕಡೆಗೆ.

ನಮ್ಮ ತಾಲೂಕಲ್ಲೇ ಬ್ರಹ್ಮಗಿರಿ ಇದೆ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿ ಅಶೋಕನ ಶಾಸನ ಪತ್ತೆ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದು ಶಿಲಾಯುಗದ ಕಲ್ಲಿನ ಕೊಡಲಿ ತೆಗೆದರು. ಶಾಲೆಯಿಂದ ಪ್ರವಾಸ ಕರೆದುಕೊಂಡು ಹೋಗಿದ್ದರು. ಆಗ ನಮಗೆ ಶಾಸನಕ್ಕಿಂತ ಬುತ್ತಿಯ ಚಿಂತೆ ಜಾಸ್ತಿ. ಈಗ ಯೋಚನೆ ಬಂತು, ಅಶೋಕನ ಕಾಲದ ಆ ಜನ ಬುತ್ತಿಗೆ ಏನು ಕಟ್ಟಿಕೊಳ್ಳುತ್ತಿದ್ದರು? ಪಕ್ಕದ ಬಳ್ಳಾರಿಯ ಸಂಗನಕಲ್ಲಿನಲ್ಲಿ ಬೂದಿ ಜರಡಿ ಹಿಡಿದು ಸುಟ್ಟ ಕಾಳು ಹೆಕ್ಕಿದವರಿಗೆ ಸಿಕ್ಕಿದ್ದು ಹುರುಳಿ, ಹೆಸರು, ಸಣ್ಣ ಸಿರಿಧಾನ್ಯಗಳು. ನಾವು ತಲೆತಲಾಂತರದ್ದು ಅನ್ನೋ ರಾಗಿ, ಜೋಳ, ಸಜ್ಜೆ ಕೂಡ ಮೂಲದಲ್ಲಿ ಆಫ್ರಿಕಾದಿಂದ ಬಂದವು. ಆದ್ರೂ ಅವು ಬಂದು ಸಾವಿರಾರು ವರ್ಷ ಆಯ್ತು ಬಿಡಿ. ಮೆಣಸಿನಕಾಯಿ, ಶೇಂಗಾ, ಟೊಮೇಟೊ, ಮೆಕ್ಕೆಜೋಳ, ಆಲೂಗಡ್ಡೆ, ಸೀಬೆ, ಸೀತಾಫಲ, ಸಪೋಟ, ಪರಂಗಿ, ಇವೆಲ್ಲ ಅಮೆರಿಕ ಖಂಡದವು. 1492ರಲ್ಲಿ ಕೊಲಂಬಸ್ ಅತ್ತ ಹೋಗೋ ತನಕ ಇವುಗಳಲ್ಲಿ ಯಾವುದೂ ನಮ್ಮ ಅಡುಗೆಯಲ್ಲಿರಲಿಲ್ಲ ಅನ್ನೋದು ಬಹುಪಾಲು ವಿದ್ವಾಂಸರ ಮಾತು. ಹೊಲದ ಬದುವಿಗೆ ಹಾಕೋ ಕತ್ತಾಳೆ? ಮೆಕ್ಸಿಕೋದ್ದು. ಆಯುಧ ಪೂಜೆಗೆ ಟ್ರ್ಯಾಕ್ಟರಿಗೆ ಕಟ್ಟೋ ಚೆಂಡು ಹೂವು? ಅದೂ ಮೆಕ್ಸಿಕೋದ್ದು. ಅಲ್ಲಿ ಸತ್ತ ಹಿರಿಯರನ್ನು ನೆನೆಯೋ ಹಬ್ಬಕ್ಕೆ ಅದೇ ಹೂವು. ನಮ್ಮ ಕಡೆ ಎಲ್ಲಿ ನೋಡಿದರೂ ಕಾಣೋ ಬಳ್ಳಾರಿ ಜಾಲಿಗೆ ಬಳ್ಳಾರಿಯ ಹೆಸರಿದೆ ಅಷ್ಟೇ, ಅದೂ ಅಮೆರಿಕ ಖಂಡದ ಗಿಡ.

ಪಾಪಸ್ಕಳ್ಳಿಯ ಕಥೆ ಬೇರೆಯೇ ಇದೆ. ಮೆಕ್ಸಿಕೋದಲ್ಲಿ ಅದರ ಮೇಲೆ ಒಂದು ಪುಟಾಣಿ ಹುಳ ಸಾಕಿ, ಒಣಗಿಸಿ, ಕಡುಗೆಂಪು ಬಣ್ಣ ತೆಗೆಯೋರು. ಬೆಳ್ಳಿ ಬಿಟ್ಟರೆ ಸ್ಪೇನಿಗೆ ಅಲ್ಲಿಂದ ದೊಡ್ಡ ಆದಾಯ ಅದೇ. ಇಂಗ್ಲಿಷರಿಗೆ ಹೊಟ್ಟೆಕಿಚ್ಚು. 1780ರ ದಶಕದಲ್ಲಿ ಮದ್ರಾಸಿನ ಜೇಮ್ಸ್ ಆಂಡರ್ಸನ್ ಅನ್ನೋ ಕಂಪನಿ ಡಾಕ್ಟರು ಇದಕ್ಕೆ ಕೈಹಾಕಿ ಕಳ್ಳಿ ತೋಟ ಮಾಡಿದ. 1795ರಲ್ಲಿ ಹಡಗಿನಲ್ಲಿ ಹುಳವೂ ಬಂತು. ಬಂದದ್ದು ಮಾತ್ರ ಕೀಳು ಜಾತಿಯ ಬಣ್ಣ ಕೊಡೋ ಕಾಡು ಹುಳ. ಉದ್ಯಮ ಮುಳುಗಿತು, ಕಳ್ಳಿ ಉಳಿಯಿತು.

ಇಷ್ಟೆಲ್ಲ ನಮಗೆ ಯಾಕೆ ಗೊತ್ತಾಗಲ್ಲ ಅಂದ್ರೆ, ಬಂದ ಗಿಡಕ್ಕೆಲ್ಲ ಜನ ತಮಗೆ ಗೊತ್ತಿದ್ದ ಹೆಸರನ್ನೇ ಇಟ್ಟುಬಿಡ್ತಾರೆ. ನನಗೆ ಬಹಳ ಮಜಾ ಅನ್ನಿಸಿದ್ದು ಇದೇ. ನಮ್ಮಲ್ಲಿ ಖಾರ ಅಂದ್ರೆ ಮೆಣಸು, ಬಳ್ಳಿಯಲ್ಲಿ ಬಿಡೋ ಮೆಣಸು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಎಷ್ಟೊಂದು ಅಡುಗೆ ಇದೆ, ಮೆಣಸಿನಕಾಯಿ ಇಲ್ಲ. ಹದಿನಾರನೇ ಶತಮಾನದ ಶುರುವಿನಲ್ಲಿ ಮೂರನೇ ಮಂಗರಸ ಕನ್ನಡದಲ್ಲೇ ಬರೆದ 'ಸೂಪಶಾಸ್ತ್ರ' ಪೂರ್ತಿ ಅಡುಗೆ ಪುಸ್ತಕ, ಅದರಲ್ಲೂ ಇಲ್ಲ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ಮೇಲೆ ಹೊಸ ಖಾರದ ಕಾಯಿ ಒಳನಾಡಿಗೆ ಹಬ್ಬಿತು. ಮೆಣಸಿನ ಹಾಗೆ ಖಾರ ಇರೋ ಕಾಯಿ, ಮೆಣಸಿನಕಾಯಿ. ಮುಂದೆ ಹೊಸಬನೇ ಮನೆ ಯಜಮಾನ ಆಗಿ, ಹಳೇ ಯಜಮಾನ 'ಕರಿಮೆಣಸು', 'ಒಳ್ಳೆಮೆಣಸು' ಅಂತ ವಿಶೇಷಣ ಅಂಟಿಸಿಕೊಂಡು ಬದುಕೋ ಹಾಗಾಯಿತು. ಸ್ಪ್ಯಾನಿಷರು ಮಾಡಿದ್ದೂ ಇದನ್ನೇ. ಮೆಣಸು ಹುಡುಕಿಕೊಂಡು ಹೋದವರಿಗೆ ಈ ಕಾಯಿ ಸಿಕ್ಕಿ, ಅವರ ಭಾಷೆಯಲ್ಲಿ ಮೆಣಸಿಗಿದ್ದ ಪಿಮಿಯೆಂತಾ ಅನ್ನೋದನ್ನೇ ಸ್ವಲ್ಪ ತಿರುಚಿ ಇದಕ್ಕೆ ಇಟ್ಟರು. 'ಚಿಲ್ಲಿ', 'ಟೊಮೇಟೊ', 'ಚಾಕೊಲೇಟ್' ಅನ್ನೋವು ಇಂಗ್ಲಿಷ್ ಪದಗಳಲ್ಲ, ಮೆಕ್ಸಿಕೋದ ನಹುಆತ್ಲ್ ಭಾಷೆಯಿಂದ ಬಂದವು.

ಮೆಕ್ಕೆಜೋಳದ್ದೂ ಇದೇ ಕಥೆ. ಇದ್ದ ಜೋಳಕ್ಕೆ ಒಂದು 'ಮೆಕ್ಕೆ' ಸೇರಿಸಿಬಿಟ್ಟೆವು. ಅಲ್ಲಿ ಅದು ದೇವರ ಸಮಾನ. ಈ ಹೋಟೆಲಿನವರ ತೆಹುಆಕಾನ್ ಕಣಿವೆಯಲ್ಲೇ 1960ರ ದಶಕದಲ್ಲಿ ರಿಚರ್ಡ್ ಮ್ಯಾಕ್‌ನೀಶ್ ಗುಹೆಗಳನ್ನು ಅಗೆದಾಗ ಕಿರುಬೆರಳಿನಷ್ಟು ಸಣ್ಣ ತೆನೆಗಳು ಸಿಕ್ಕವು, ಐದು ಸಾವಿರ ವರ್ಷಕ್ಕೂ ಹಳೆಯವು. ಚಿತ್ರದಲ್ಲಿ ಆ ಕಣಿವೆ ನೋಡಿದೆ. ಒಣಗುಡ್ಡ, ಕಳ್ಳಿ, ಕತ್ತಾಳೆ. ಥೇಟ್ ಮೊಳಕಾಲ್ಮೂರು. ಅಪ್ಪನಿಗೆ ತೋರಿಸಿದರೆ "ಇದು ಯಾವ ಊರ ಗುಡ್ಡ?" ಅಂತ ನಮ್ಮ ಕಡೆಯ ಹೆಸರುಗಳನ್ನೇ ಹೇಳತೊಡಗಿದ.

ನಮ್ಮ ಸೋಮನಾಥಪುರದ ದೇವಸ್ಥಾನ ಕಟ್ಟಿದ್ದು 1268ರ ಸುಮಾರಿಗೆ. ಅಲ್ಲಿನ ಮತ್ತು ಬೇರೆ ಹೊಯ್ಸಳ ಗುಡಿಗಳ ವಿಗ್ರಹಗಳ ಕೈಲಿರೋದು ಮೆಕ್ಕೆಜೋಳದ ತೆನೆ, ಹಾಗಾಗಿ ಕೊಲಂಬಸನಿಗಿಂತ ಮೊದಲೇ ಅದು ಇಲ್ಲಿಗೆ ಬಂದಿತ್ತು ಅಂತ 1989ರಲ್ಲಿ ಕಾರ್ಲ್ ಜೊಹಾನೆಸನ್ ಅನ್ನೋ ಅಮೆರಿಕನ್ ಭೂಗೋಳ ಪ್ರೊಫೆಸರು ವಾದ ಹೂಡಿದರು. ನಮ್ಮ ಮೆಕ್ಕೆಜೋಳದ ವಿಜ್ಞಾನಿಗಳು ಒಪ್ಪಲಿಲ್ಲ, ಅದು ಮುತ್ತು ಪೋಣಿಸಿದ ಕಾಲ್ಪನಿಕ ಹಣ್ಣು, 'ಮುಕ್ತಾಫಲ' ಅಂದರು. ಆ ಕಾಲದ ಒಂದು ಕಾಳೂ ಮಣ್ಣಿನಲ್ಲಿ ಸಿಗದೆ ಬರೀ ಕಲ್ಲು ನೋಡಿ ಬೆಳೆ ಎಣಿಸೋದು ಕಷ್ಟ ಅನ್ನೋದು ನನ್ನ ಅಭಿಪ್ರಾಯ.

ಆ ಅಜ್ಜಿ ರೊಟ್ಟಿಯಲ್ಲಿ ಇನ್ನೊಂದು ಗುಟ್ಟಿದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಆಮೇಲೆ ರುಬ್ಬೋದು. ಅದಕ್ಕೇ ಆ ಹಿಟ್ಟು ಜಿಗುಟು ಬರುತ್ತೆ, ಆ ವಾಸನೆ ಬರುತ್ತೆ. ಸ್ಪ್ಯಾನಿಷರು ಬೀಜ ತಗೊಂಡು ಹೋದರು, ಸುಣ್ಣದ ವಿದ್ಯೆ ಬಿಟ್ಟು ಹೋದರು. ಸುಣ್ಣ ಹಾಕದಿದ್ದರೆ ಕಾಳಿನಲ್ಲಿರೋ ನಿಯಾಸಿನ್ ಅನ್ನೋ ಬಿ ಜೀವಸತ್ವ ಮೈಗೆ ಹತ್ತಲ್ಲ. ಮೆಕ್ಕೆಜೋಳವನ್ನೇ ನಂಬಿದ್ದ ಇಟಲಿಯ ಬಡವರಿಗೆ, ಆಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳ ಕೂಲಿಯವರಿಗೆ ಪೆಲಾಗ್ರ ಅನ್ನೋ ರೋಗ ಬಂತು. ಚರ್ಮ ಸುಲಿಯುತ್ತೆ, ತಲೆ ಕೆಡುತ್ತೆ, ಕೊನೆಗೆ ಸಾವು. ಇಪ್ಪತ್ತನೇ ಶತಮಾನದ ಮೊದಲ ನಾಲ್ಕು ದಶಕದಲ್ಲಿ ಅಮೆರಿಕ ಒಂದರಲ್ಲೇ ಸುಮಾರು 30 ಲಕ್ಷ ಜನಕ್ಕೆ ಬಂದು ಒಂದು ಲಕ್ಷ ಜನ ಸತ್ತರು ಅಂತ ಅಂದಾಜು. ಬೀಜ ತರೋದು ಸುಲಭ, ಅದರ ಜೊತೆಗಿರೋ ಅಜ್ಜಿಯ ಬುದ್ಧಿ ತರೋದು ಕಷ್ಟ.

ಇನ್ನು ನಮ್ಮ ಶೇಂಗಾ. ಇದು ಮೆಕ್ಸಿಕೋದ್ದೂ ಅಲ್ಲ! ದಕ್ಷಿಣ ಅಮೆರಿಕದಲ್ಲಿ ಹುಟ್ಟಿ ಮೆಕ್ಸಿಕೋಗೆ ವಲಸೆ ಬಂದದ್ದು. ಅಲ್ಲಿನವರು ಹೊಸ ಕಾಯಿ ನೋಡಿ, ತಮಗೆ ಗೊತ್ತಿದ್ದ ಕೋಕೋ ಬೀಜದ ಹೆಸರಿಗೆ 'ನೆಲ' ಸೇರಿಸಿ 'ನೆಲದ ಕೋಕೋ' ಅನ್ನೋ ಅರ್ಥದಲ್ಲಿ ತ್ಲಾಲ್‌ಕಕಹುಆತ್ಲ್ ಅಂದರು. ನಾವು ಗೊತ್ತಿದ್ದ ಕಡಲೆಗೆ 'ನೆಲ' ಸೇರಿಸಿ ನೆಲಗಡಲೆ ಅಂದೆವು. ಹದಿನಾರು ಸಾವಿರ ಕಿಲೋಮೀಟರು ದೂರದ ಎರಡು ಊರಿನವರು ಒಂದೇ ಗಿಡ ಕಿತ್ತು ನೋಡಿ ಒಂದೇ ರೀತಿ ಯೋಚನೆ ಮಾಡಿದ್ದಾರೆ. ತಮಿಳರು ಇದನ್ನು ಮಣಿಲಾ ಕೊಟ್ಟೈ ಅಂತಲೂ ಕರೀತಾರೆ, ಅಂದ್ರೆ ಫಿಲಿಪೈನ್ಸಿನ ಮನಿಲಾ. ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬಾರದು, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕೆಂಪೇಗೌಡರ ಕಾಲದ ಕಥೆ ಹೇಳ್ತಾರಲ್ಲ, ಆಗಿನ್ನೂ ಕಡಲೆಕಾಯಿ ಇಲ್ಲಿಗೆ ಬಂದು ಅಷ್ಟು ಬೆಳೆದಿತ್ತು ಅನ್ನೋದು ಅನುಮಾನ.

ಮನಿಲಾ ಹೆಸರು ಸುಮ್ಮನೆ ಬಂದದ್ದಲ್ಲ. 1565ರಿಂದ 1815ರವರೆಗೆ, ಇನ್ನೂರೈವತ್ತು ವರ್ಷ, ಮೆಕ್ಸಿಕೋದ ಅಕಾಪುಲ್ಕೋ ಬಂದರಿಗೂ ಮನಿಲಾಕ್ಕೂ ಸ್ಪ್ಯಾನಿಷರ ಹಡಗು ಓಡಾಡುತ್ತಿತ್ತು. ಏಷ್ಯಾದಿಂದ ಮಾವಿನಹಣ್ಣು ಮೆಕ್ಸಿಕೋಗೆ ಹೋದದ್ದು ಆ ದಾರಿಯಲ್ಲೇ. ಎರಡನೇ ಸಲ ಹೋಟೆಲಿಗೆ ಹೋದಾಗ ಕುಡಿಯೋಕೆ ಹುಣಸೆಹಣ್ಣಿನ ಪಾನಕ ಕೊಟ್ಟರು. ಅವರು ಅದಕ್ಕೆ ತಮರಿಂದೋ ಅಂತಾರೆ. ಅರಬ್ಬಿಯಲ್ಲಿ ಆ ಮಾತಿಗೆ 'ಹಿಂದ್ ದೇಶದ ಖರ್ಜೂರ' ಅಂತ ಅರ್ಥ. ಬರೀ ಹಣ್ಣಲ್ಲ, ಮನುಷ್ಯರನ್ನೂ ಆ ಹಡಗು ಸಾಗಿಸಿತು. ಭಾರತದಲ್ಲಿ ಹುಟ್ಟಿದ ಒಬ್ಬ ಹುಡುಗಿಯನ್ನು ಪೋರ್ಚುಗೀಸ್ ಕಡಲ್ಗಳ್ಳರು ಹಿಡಿದು, ಕೊಚ್ಚಿಯಲ್ಲಿ ಕ್ರಿಶ್ಚಿಯನ್ ಮಾಡಿ, ಮನಿಲಾ ದಾಟಿಸಿ, 1620ರ ಸುಮಾರಿಗೆ ಪ್ಯೂಬ್ಲಾ ಪಟ್ಟಣದಲ್ಲಿ ಮಾರಿದರು. ಕತರೀನಾ ದೆ ಸಾನ್ ಹುಆನ್ ಅಂತ ಅವಳಿಗೆ ಇಟ್ಟ ಹೆಸರು. ಅಲ್ಲೇ ಬದುಕಿ, ಸಂತಳ ಹಾಗೆ ಗೌರವ ಪಡೆದು, 1688ರಲ್ಲಿ ತೀರಿಕೊಂಡಳು. ಹೋಟೆಲಿನ ಹುಡುಗಿಗೆ ಈ ಕಥೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಸ್ಪ್ಯಾನಿಷಿನಲ್ಲಿ ಹೇಳುತ್ತಿದ್ದಂತೆ ಅಜ್ಜಿ ಅವ್ವನ ಕೈ ಹಿಡಿದುಕೊಂಡಳು.

ಈಗ ಅಸಲು ವಿಷಯಕ್ಕೆ ಬರ್ತೀನಿ.

ನಾನು ಚಿಕ್ಕವನಿದ್ದಾಗ ಶೇಂಗಾ ನಮ್ಮ ಮುತ್ತಾತನ ಮುತ್ತಾತನ ಕಾಲದ್ದು ಅಂದುಕೊಂಡಿದ್ದೆ. ನಿಜ ಅಂದ್ರೆ, ದಕ್ಷಿಣ ಭಾರತದಲ್ಲಿ ಅದು ದೊಡ್ಡ ಬೆಳೆ ಆದದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಫ್ರಾನ್ಸಿನ ಮಾರ್ಸೇಲ್ ಪಟ್ಟಣದ ಎಣ್ಣೆ, ಸೋಪು ಕಾರ್ಖಾನೆಗಳಿಗೆ ಬೀಜ ಬೇಕಿತ್ತು, ಪಾಂಡಿಚೇರಿಯಿಂದ ಹಡಗು ತುಂಬಿ ಹೋಗುತ್ತಿತ್ತು. ಮುಂದೆ ಅದು ಮದ್ರಾಸ್ ಪ್ರಾಂತ್ಯದ ಒಣ ಜಿಲ್ಲೆಗಳಿಗೆ ಹಬ್ಬಿತು. ಬಳ್ಳಾರಿ, ಅನಂತಪುರ ಎರಡೂ ಆಗ ಅದೇ ಪ್ರಾಂತ್ಯದವು, ಮೈಸೂರು ಸಂಸ್ಥಾನದ ನಮ್ಮ ತಾಲೂಕಿಗೆ ಒತ್ತಿಕೊಂಡೇ ಇದ್ದವು. ಅಪ್ಪ ಬಹಳ ವರ್ಷ ಬಿತ್ತಿದ ಟಿಎಂವಿ-2 ತಳಿ ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ 1940ರಲ್ಲಿ ಬಂದದ್ದು. ಊಟಕ್ಕೆ ಬೆಳೆಯುತ್ತಿದ್ದ ನವಣೆ, ಸಾಮೆ, ಹುರುಳಿ ಜಾಗದಲ್ಲಿ ಮಾರೋಕೆ ಬೆಳೆಯೋ ಶೇಂಗಾ ಬಂತು. ಅವತ್ತಿಂದ ನಮ್ಮ ಹೊಲದ ಲೆಕ್ಕ ಮಳೆ ಒಂದರ ಕೈಲಿ ಉಳಿಯಲಿಲ್ಲ, ಎಲ್ಲೋ ದೂರದ ಪೇಟೆಯ ದರದ ಕೈಗೂ ಹೋಯಿತು.

ಆ ಸಂಜೆ ಹೋಟೆಲಲ್ಲಿ ಗಿರಾಕಿ ಕಡಿಮೆ. ಯಜಮಾನ ನಮ್ಮ ಟೇಬಲ್ಲಿಗೇ ಬಂದು ಕೂತ. ಅಪ್ಪ ರೈತ ಅಂತ ಗೊತ್ತಾಗಿತ್ತಲ್ಲ. ಅಪ್ಪ ಕೇಳಿದ, "ಹೊಲ ಬಿಟ್ಟು ಇಷ್ಟು ದೂರ ಯಾಕೆ ಬಂದ್ಯಪ್ಪ?"

ಅವನು ಹೇಳಿದ್ದು ಇಷ್ಟು. ಅವರದ್ದು ಮಳೆ ನಂಬಿದ ಸಣ್ಣ ಹಿಡುವಳಿ, ಮೆಕ್ಕೆಜೋಳ ಮತ್ತು ಹುರುಳಿಕಾಯಿ. 1994ರ ಜನವರಿ 1ಕ್ಕೆ ಅಮೆರಿಕ, ಕೆನಡಾ, ಮೆಕ್ಸಿಕೋ ಮಧ್ಯೆ ಮುಕ್ತ ವ್ಯಾಪಾರದ ಒಪ್ಪಂದ ಜಾರಿಗೆ ಬಂತು, ನಾಫ್ಟಾ ಅಂತ. ಅಮೆರಿಕದಲ್ಲಿ ಸರ್ಕಾರದ ಸಬ್ಸಿಡಿಯಲ್ಲಿ, ದೊಡ್ಡ ದೊಡ್ಡ ಯಂತ್ರದಲ್ಲಿ ಬೆಳೆದ ಅಗ್ಗದ ಮೆಕ್ಕೆಜೋಳ ಒಳಗೆ ಬಂತು. ದರ ವರ್ಷದಿಂದ ವರ್ಷಕ್ಕೆ ಇಳಿಯಿತು. ಲಕ್ಷಾಂತರ ಜನ ಹೊಲ ಬಿಟ್ಟರು. ಇವನು ಬಿಟ್ಟಾಗ ಇಪ್ಪತ್ತೆರಡು ವರ್ಷ. ಪಾತ್ರೆ ತೊಳೆದ, ಬೇರೆಯವರ ಹೋಟೆಲುಗಳಲ್ಲಿ ಅಡುಗೆ ಮಾಡಿದ, ಈಗ ಇದು.

ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಂತೆ ಅಪ್ಪ ನಡುವೆಯೇ ತಡೆದ. "ಯಾವ ವರ್ಷ ಅಂದಿ?"

"ತೊಂಬತ್ತನಾಲ್ಕು."

"ನಮ್ದೂ ಆಗಲೇ ಅಲ್ಲೇನೋ."

ನಾನು ಹುಟ್ಟೋಕೆ ಎರಡು ವರ್ಷ ಮುಂಚಿನ ಮಾತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಅಂತ ಶುರು ಮಾಡಿ, ತೊಂಬತ್ತರ ದಶಕದ ಮೊದಲಲ್ಲಿ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಸ್ವಾವಲಂಬಿ ಆಗಿತ್ತು. ಚಳ್ಳಕೆರೆ ಮಿಲ್ಲುಗಳು ಹಗಲೂ ರಾತ್ರಿ ಓಡುತ್ತಿದ್ದ ಕಾಲ. 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತ ಮಾಡಿದರು, 1995ರಲ್ಲಿ ಉಳಿದ ಎಣ್ಣೆಗಳದ್ದೂ ಹೆಚ್ಚುಕಡಿಮೆ ಹಾಗೇ ಆಗಿ ಸುಂಕವೂ ಇಳಿಯಿತು. ಮಲೇಷ್ಯಾ, ಇಂಡೋನೇಷ್ಯಾದಿಂದ ಅಗ್ಗದ ತಾಳೆ ಎಣ್ಣೆ ಬಂತು. ಇವತ್ತು ದೇಶದಲ್ಲಿ ಬಳಸೋ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಚಳ್ಳಕೆರೆಯಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಮಳೆ ಕೈಕೊಟ್ಟದ್ದೂ ಇದೆ, ರೋಗ ಬಂದದ್ದೂ ಇದೆ, ಎಲ್ಲ ತಪ್ಪನ್ನೂ ಒಂದೇ ಎಣ್ಣೆ ಮೇಲೆ ಹಾಕೋಕಾಗಲ್ಲ. ಪೇಟೆಯಲ್ಲಿ ಎಣ್ಣೆ ಕೊಳ್ಳೋ ಬಡವರಿಗೆ ಅದು ಅಗ್ಗವಾಗಿ ಸಿಕ್ಕಿದ್ದೂ ನಿಜ. ಆದ್ರೆ ಚಿಕ್ಕಪ್ಪ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದದ್ದು ಆ ವರ್ಷಗಳಲ್ಲೇ, ಮತ್ತೆ ಊರಿಗೆ ಬೇಸಾಯಕ್ಕೆ ಬರಲಿಲ್ಲ.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಮಾತು ತಿರುಗಿಸೋಕೆ ನಮಗಿಬ್ಬರಿಗೂ ಏನೂ ಇರಲಿಲ್ಲ.

ಒಂದು ವಿಷಯ ನಾನು ಇಲ್ಲಿ ಒಪ್ಪಿಕೊಳ್ಳಬೇಕು. ಎರಡು ವರ್ಷದಿಂದ ನಾನು ಅಪ್ಪನಿಗೆ ಫೋನಿನಲ್ಲಿ ಒಂದೇ ಮಾತು ಹೇಳುತ್ತಿದ್ದೆ: ಹೊಲ ಮಾರು, ಬೆಂಗಳೂರಲ್ಲಿ ಮನೆ ಮಾಡೋಣ, ಸಾಕು ಈ ಜೂಜು. ಹಾಕಿದ ದುಡ್ಡು, ಬಂದ ದುಡ್ಡು ಎಲ್ಲ ಎಕ್ಸೆಲ್ ಶೀಟಿನಲ್ಲಿ ಹಾಕಿ ತೋರಿಸಿದ್ದೆ ಕೂಡ. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಅಮೆರಿಕಕ್ಕೆ ಬಂದದ್ದರಲ್ಲಿ ಅರ್ಧ ಕಾರಣ ಇದನ್ನು ಎದುರಾಎದುರು ಕೂತು ಮಾತಾಡೋದೇ ಆಗಿತ್ತು. ಬಂದು ಎರಡು ತಿಂಗಳಾದರೂ ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಅಪ್ಪ ಹೋಟೆಲಿನವನನ್ನು ಕೇಳಿದ, "ನಿನ್ನ ಹೊಲ ಏನಾತು? ಮಾರಿದ್ಯಾ?"

ಇಲ್ಲ ಅಂದ. ತಮ್ಮ ಉಳುತ್ತಾನೆ. ಲಾಭ ಇಲ್ಲ, ಎಷ್ಟೋ ವರ್ಷ ಇಲ್ಲಿಂದಲೇ ದುಡ್ಡು ಕಳಿಸಬೇಕಾಗುತ್ತೆ. ಹಾಗಿದ್ದರೆ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳಿದ್ದು ನಾನು. ಅವನು ಹಂಚಿನ ಕಡೆ ನೋಡಿದ. ಅವರ ಮನೆಯ ಬೀಜ ನೀಲಿ ಬಣ್ಣದ್ದಂತೆ, ಅವನ ಅಮ್ಮನಿಗೆ ಅವಳ ಅತ್ತೆ ಕೊಟ್ಟದ್ದು. ಪೇಟೆಯಲ್ಲಿ ಸಿಗಲ್ಲ. ಒಂದು ವರ್ಷ ಬಿತ್ತದಿದ್ದರೂ ನಡೆಯುತ್ತೆ, ನಾಲ್ಕೈದು ವರ್ಷ ಬಿಟ್ಟರೆ ಬೀಜ ಸಾಯುತ್ತೆ. "ಹೊಲ ಬೇಕಾದರೆ ಮತ್ತೆ ಕೊಳ್ಳಬಹುದು, ಬೀಜ ಎಲ್ಲಿ ಕೊಳ್ಳಲಿ?" ಅಂದ.

ಅಪ್ಪ ಏನೂ ಹೇಳಲಿಲ್ಲ. ವಾಪಸ್ ಬರೋವಾಗ ದಾರಿಯಲ್ಲಿ ಮಾತ್ರ, "ನಮ್ಮನೇಲಿ ನವಣೆ ಬೀಜ ಐತೇನೇ?" ಅಂತ ಅವ್ವನ್ನ ಕೇಳಿದ. ಅವ್ವ, "ನಿಮ್ಮವ್ವ ಇದ್ದಾಗ ಇತ್ತು. ಈಗೆಲ್ಲಿ?" ಅಂದಳು. ಶೇಂಗಾ ಬೀಜವನ್ನೂ ಈಗ ಪ್ರತಿ ವರ್ಷ ಕೊಂಡೇ ತರೋದು. ನನ್ನ ಎಕ್ಸೆಲ್ ಶೀಟಿನಲ್ಲಿ ಬೀಜ ಅನ್ನೋದಕ್ಕೆ ಇದ್ದದ್ದು ಒಂದೇ ಕಾಲಂ, ಅದರ ಖರ್ಚು.

ಹೊರಡೋ ಹಿಂದಿನ ದಿನ ಅವ್ವ ಒಂದು ಡಬ್ಬಿ ಚಟ್ನಿಪುಡಿ ಮಾಡಿ ಹೋಟೆಲಿನ ಅಜ್ಜಿಗೆ ಕೊಟ್ಟಳು. ಈ ಸಲ ಬೀಜ ಹುರಿದ ಮೇಲೆ ಎರಡು ಚಮಚ ಎಣ್ಣೆ ಹಾಕಿದ್ದಳು, ಇವರಿಂದ ಕಲಿತದ್ದು. ಅಪ್ಪ ಅದನ್ನು ಮಾತಿಲ್ಲದೆ ತಿಂದಿದ್ದ, ಅದೇ ಸರ್ಟಿಫಿಕೇಟು. ಅಜ್ಜಿ ಒಂದು ಬಾಟಲಿ ಸಾಲ್ಸಾ ಮಾಚಾ ಕೊಟ್ಟಳು. ನಾಲ್ಕು ನೀಲಿ ಕಾಳನ್ನೂ ಅಪ್ಪ ಜೇಬಿಗಿಳಿಸೋಕೆ ನೋಡಿದ. ಅನುಮತಿ ಇಲ್ಲದೆ ವಿಮಾನದಲ್ಲಿ ಬೀಜ ಒಯ್ಯೋ ಹಾಗಿಲ್ಲ ಅಂತ ನಾನು ಬಿಡಲಿಲ್ಲ. "ಪೋರ್ಚುಗೀಸರಿಗೆ ಯಾರು ಅನುಮತಿ ಕೊಟ್ಟಿದ್ರು?" ಅಂತ ಕೇಳಿದ. ಕಥೆಯೆಲ್ಲ ನಾನೇ ಹೇಳಿದ್ದು, ತಿರುಗಿ ನನಗೇ ಬಿತ್ತು :)

ಮೊನ್ನೆ ಭಾನುವಾರ ಊರಿಂದ ಫೋನು. ಹೊಲ ಮಾರೋ ಮಾತು ನಾನು ಎತ್ತಲಿಲ್ಲ. ಐದು ಎಕರೆಯಲ್ಲಿ ಮೂರಕ್ಕೆ ಶೇಂಗಾ ಹಾಕಿದ್ದಾನಂತೆ, ಕದಿರಿ ಕಡೆಯ ಹೊಸ ತಳಿ. ಒಂದು ಎಕರೆ ನವಣೆ, ಒಂದು ಎಕರೆ ಹುರುಳಿಗೆ ಬಿಟ್ಟಿದ್ದಾನೆ. ನವಣೆ ಬೀಜಕ್ಕೆ ಪಕ್ಕದೂರುಗಳನ್ನೆಲ್ಲ ಸುತ್ತಿ, ಒಬ್ಬ ಮುದುಕಿ ಹತ್ತಿರ ಎರಡು ಸೇರು ಸಿಕ್ಕಿತಂತೆ. ಶೇಂಗಾ ಹೂವಿಗೆ ಬಂದಿದೆ. ಹೂವು ಬಾಡಿ ಅದರ ಕಡ್ಡಿ ಮಣ್ಣಿಗೆ ಇಳಿಯೋ ಹೊತ್ತು, ನೆಲ ಮೆತ್ತಗಿರಬೇಕು.

"ಮಳೆ?" ಅಂದೆ.

"ಒಂದು ಬಂದೈತೆ. ಇನ್ನೊಂದು ಬರಬೇಕು," ಅಂದ. ಆಮೇಲೆ, "ಆ ಹೋಟೆಲಿನವ್ರ ಊರಾಗೆ ಮಳೆ ಆತಂತಾ? ಕೇಳು," ಅಂದ.

ಈ ಶನಿವಾರ ಹೋಗಿ ಕೇಳಬೇಕು.